ತೂಕದಮ್ಮನ ಮೂವತ್ತು ಚೀಟಿಗಳು

ಹೋದ ವಾರ ನಿಮ್ಮ ಅಮ್ಮ ಬಂಗಾರಪೇಟೆಯಿಂದ ಅವರೆಕಾಯಿ ತಂದಿದ್ದಳು. ಚೀಲದ ಬಾಯಿ ಬಿಚ್ಚಿದ ಕೂಡಲೇ ಸೊಗಡು ನಡುಮನೆಯೆಲ್ಲ ತುಂಬಿತು. ಚಳಿಯಲ್ಲಿ ಬಲಿತ ಕಾಯಿಯ ಆ ವಾಸನೆ ಕೈಗೆ ಹತ್ತಿದರೆ ಸೋಪು ಹಾಕಿ ತಿಕ್ಕಿದರೂ ಬಿಡುವುದಿಲ್ಲ. ಸುಲಿಯುತ್ತಾ ಕೂತವಳಿಗೆ ತೂಕದಮ್ಮ ನೆನಪಾದರು... ನೀವು ಯಾರೂ ಅವರನ್ನು ಕಂಡಿಲ್ಲ. ನಾನೂ ನಿಮಗೆ ಹೇಳಿಲ್ಲ. ಹೇಳುವುದು ನನಗೆ ಯಾವಾಗಲೂ ಕಷ್ಟ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಚಿನ್ನದ ಗಣಿಯ ನಂದಿದುರ್ಗದ ಲೈನು ಮನೆಯಲ್ಲಿದ್ದೆವು. ಗಣಿ ಕೆಲಸದವರಿಗೆಂದು ಕಟ್ಟಿದ ಒಂದೊಂದು ಕೋಣೆಯ ಮನೆಗಳ ಸಾಲು. ನಿಮ್ಮ ತಾತ ಗಣಿಗೆ ಇಳಿಯುತ್ತಿದ್ದರು. ಅತ್ತೆ ನಮ್ಮ ಜೊತೆಗಿದ್ದರು. ನಾನು ಕಾಮಸಮುದ್ರದ ಹತ್ತಿರದ ಹಳ್ಳಿಯವಳು, ಊರ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೆ. ಹೊಸಬರು ಬಂದರೆ ಬಾಗಿಲ ಹಿಂದೆ ಸರಿಯುತ್ತಿದ್ದೆ.

ನಿಮ್ಮ ಅಪ್ಪನಿಗಿಂತ ಮುಂಚೆ ನನಗೊಂದು ಗಂಡುಮಗು ಆಗಿತ್ತು. ಗುಂಡಗೆ ಮುದ್ದಾಗಿತ್ತು. ಒಂದು ಮದುವೆ ಮನೆಯಲ್ಲಿ ಅದನ್ನು ಕೈಯಿಂದ ಕೈಗೆ ಎತ್ತಿಕೊಂಡು, ಕೆನ್ನೆ ಹಿಂಡಿ, "ಏನ್ ತೂಕ ಅವ್ನೆ ಕಣಮ್ಮ" ಎಂದು ಎಲ್ಲರೂ ಹೇಳಿದ್ದೇ ಹೇಳಿದ್ದು. ವಾರ ಕಳೆಯುವುದರೊಳಗೆ ಜ್ವರ ಬಂತು. ಮಗು ಉಳಿಯಲಿಲ್ಲ...

ಆಮೇಲೆ ಹುಟ್ಟಿದವನು ನಿಮ್ಮ ಅಪ್ಪ. ಅವನೂ ಗುಂಡಗೇ ಬೆಳೆದ. ಅತ್ತೆ ಅವನ ಕೆನ್ನೆಗೂ ಅಂಗಾಲಿಗೂ ಕಪ್ಪು ಇಟ್ಟು, ಮೇಲೆ ಹಳೇ ಸೀರೆ ಹೊದಿಸಿ, ಯಾರು ಕೇಳಿದರೂ "ಮಗ ಮಲಗವ್ನೆ" ಅನ್ನುತ್ತಿದ್ದರು. ಲೈನಿನವರ ಲೆಕ್ಕದಲ್ಲಿ ಆ ಮಗು ಹನ್ನೊಂದು ತಿಂಗಳು ಮಲಗಿಯೇ ಇತ್ತು.

ತೂಕದಮ್ಮ ಬೆಂಗಳೂರಿನ ಕಾಲೇಜೊಂದರಿಂದ ಬಂದವರು. ಆಂಡರ್ಸನ್‌ಪೇಟೆಯಲ್ಲಿ ರೂಮು ಹಿಡಿದು ದಿನವೂ ನಡೆದು ಬರುತ್ತಿದ್ದರು. ಹೆಗಲ ಚೀಲದಲ್ಲಿ ಗಡಿಯಾರದಂಥ ಮುಖವಿದ್ದ ತಕ್ಕಡಿ. ಅದನ್ನು ಬೇವಿನ ಕೊಂಬೆಗೆ ನೇತುಹಾಕಿ, ಕೊಕ್ಕೆಗೆ ಬಟ್ಟೆಯ ಜೋಳಿಗೆ ಸಿಕ್ಕಿಸಿ ಮಗುವನ್ನು ಕೂರಿಸಿದರೆ ಮುಳ್ಳು ತಿರುಗುತ್ತಿತ್ತು. ಲೈನಿನ ಮಕ್ಕಳಿಗೆ ಹಾಲು ಕೊಡಿಸಬೇಕೆಂದು ಅವರು ಒಂದು ಆಫೀಸಿಗೆ ಅರ್ಜಿ ಹಾಕಿದ್ದರಂತೆ. ಮಕ್ಕಳು ಸಣಕಲು ಎಂದು ಕಣ್ಣಲ್ಲಿ ನೋಡಿ ಹೇಳಿದರೆ ಸಾಲದು, ತೂಗಿ ತೋರಿಸಿ ಅಂದರಂತೆ ಅಲ್ಲಿಯವರು. ವರ್ಷದ ಮಗು ಸರಾಸರಿ ಎಷ್ಟು ತೂಗುತ್ತದೆ ಎಂದು ಡಾಕ್ಟರುಗಳ ಪುಸ್ತಕದಲ್ಲಿ ಬರೆದಿತ್ತು. ನಮ್ಮ ಮಕ್ಕಳು ಅದಕ್ಕಿಂತ ಕಡಿಮೆಯೋ ಅಲ್ಲವೋ, ಅದೊಂದೇ ಪ್ರಶ್ನೆ.

ನನಗೆ ಬರೆಯಲು ಬರುತ್ತದೆಂದು ತಿಳಿದು, ಹೆಸರು ಬರೆಯುವ ಕೆಲಸ ನನಗೆ ಕೊಟ್ಟರು. ವರ್ಷ ತುಂಬುವ ಆಸುಪಾಸಿನ ಮಕ್ಕಳ ಹೆಸರೆಲ್ಲ ಒಂದೊಂದು ಚೀಟಿಯಲ್ಲಿ ಬರೆದು, ಮಡಿಸಿ ಡಬ್ಬಕ್ಕೆ ಹಾಕಿ, ಅದರಲ್ಲಿ ಮೂವತ್ತು ಎತ್ತುವುದು. ಎಲ್ಲರನ್ನೂ ಯಾಕೆ ತೂಗುವುದಿಲ್ಲ ಎಂದು ಮೆಲ್ಲಗೆ ಕೇಳಿದೆ. ನಾನು ಅವರನ್ನು ಕೇಳಿದ ಮೊದಲ ಮಾತು ಅದು. ಅವರೆ ಕಾಲ, ಮುಂದೆ ಕಾಯಿಯ ರಾಶಿ ಇತ್ತು.

"ಈ ಕಾಯಿ ಮಾರಿದವನು ಏನಂದ?" ಎಂದು ಕೇಳಿದರು.

"ಕಾಯಿಗೆ ಮೂರು ಕಾಳು ಗ್ಯಾರಂಟಿ ಅಂದ."

ಅವರು ಕಣ್ಣು ಮುಚ್ಚಿ ರಾಶಿಯ ಮೇಲಿಂದ, ಅಡಿಯಿಂದ, ನಡುವಿನಿಂದ ಒಂದಿಪ್ಪತ್ತು ಕಾಯಿ ಎಳೆದರು. ಸುಲಿದು ಎಣಿಸಿದೆವು. ಕಾಯಿಗೆ ಮೂರರ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಬಂತು.

"ಸುಳ್ಳ ನನ್ಮಗ," ಎಂದರು ಅತ್ತೆ.

"ತಾಳಿ ಅಜ್ಜಿ. ಮೊದಲು ಅವನ ಮಾತು ನಿಜ ಅಂತಲೇ ಇಟ್ಕೊಳ್ಳೋಣ. ನಿಜ ಇದ್ದೂ ನಮ್ಮ ಕೈಗೆ ಜಳ್ಳು ಸಿಕ್ಕಿರಬಹುದಲ್ಲ? ಸ್ವಲ್ಪ ಕಡಿಮೆ ಬಂದ್ರೆ ಅದು ನಮ್ಮ ಗ್ರಹಚಾರ ಅನ್ನಬಹುದು. ಕಾಯಿಗೆ ಒಂದೊಂದೇ ಕಾಳು ಬಂದ್ರೆ? ಅಷ್ಟು ಕೆಟ್ಟ ಗ್ರಹಚಾರ ಯಾರಿಗೂ ಇರಲ್ಲ. ಆಗ ಅವನ ಮಾತು ಬಿಟ್ಟುಬಿಡಬೇಕು."

ಮಕ್ಕಳ ವಿಷಯವೂ ಹಾಗೇ ಅಂದರು. ನಮ್ಮ ಮಕ್ಕಳು ಪುಸ್ತಕದ ಮಕ್ಕಳಂತೆಯೇ ಇದ್ದಾರೆ ಎಂದು ಮೊದಲು ಒಪ್ಪಿಕೊಳ್ಳುವುದು. ಆಮೇಲೆ ಮೂವತ್ತು ಮಕ್ಕಳನ್ನು ತೂಗಿ, ಬರೀ ಗ್ರಹಚಾರದಿಂದ ಇಷ್ಟು ಕಡಿಮೆ ಬಂದೀತೇ ಎಂದು ಕೇಳುವುದು. ಒಂದೇ ಕಟ್ಟಳೆ, ಕಾಯಿಯನ್ನು ನೋಡಿ ಆರಿಸಬಾರದು.

ಚೀಟಿ ಎತ್ತಿದವರು ಅವರು, ಬಿಚ್ಚಿ ಓದಿದವಳು ನಾನು. ಹದಿನೇಳನೆಯ ಚೀಟಿಯಲ್ಲಿ ನಿಮ್ಮ ಅಪ್ಪನ ಹೆಸರಿತ್ತು.

ಅವರು ಅತ್ತ ಹೋದ ಮೇಲೆ ಅತ್ತೆ ಶುರು ಮಾಡಿದರು. "ನನ್ ಮೊಮ್ಮಗನ್ನ ಮರಕ್ಕೆ ನೇತಾಕಿ ಊರೆಲ್ಲಾ ನೋಡೋ ಅಂಗೆ ತೂಗ್ತಾರಾ? ನಾನ್ ಬದುಕಿರೋಗಂಟ ಆಗಕಿಲ್ಲ."

ಪಕ್ಕದ ಮನೆಯವಳು ತೆಲುಗಿನವಳು. ಅವಳಿಗೂ ಅದೇ ವಯಸ್ಸಿನ ಹೆಣ್ಣುಕೂಸಿತ್ತು, ಬಲು ಬಡಕಲು. ಅದರ ಚೀಟಿ ಬಂದಿರಲಿಲ್ಲ.

"ಪರ್ವಾಲೇದತ್ತಾ, ನನ್ ಕೂಸು ಎತ್ಕೊಂಡೋಗಿ ತೂಗ್ಸಿ. ಒಣಗಿದ ಹುಣಸೆಕಾಯಿ ಇದ್ದಂಗವ್ಳೆ, ಯಾವ ಪಾಪಿ ಕಣ್ಣೂ ಬೀಳಲ್ಲ," ಅಂದಳು.

"ನಿಂದು ಹೆಣ್ಣಲ್ಲೇನೇ?"

"ಕುಲಾವಿ, ಚಡ್ಡಿ ಹಾಕಿದ್ರೆ ಯಾರು ಬಿಚ್ಚಿ ನೋಡ್ತಾರೆ?"

ಹೀಗೆ ಆ ಹೆಣ್ಣುಕೂಸು ನನ್ನ ಮಗನ ಹೆಸರಿನಲ್ಲಿ ತೂಗಿಸಿಕೊಂಡಿತು. ಎತ್ತಿಕೊಂಡು ಹೋದವಳು ನಾನೇ. ತೂಕದಮ್ಮ ಮುಳ್ಳು ನೋಡಿ "ಪಾಪ" ಎಂದು ಬರೆದುಕೊಂಡರು. ನಾನು ತಲೆ ಎತ್ತಲಿಲ್ಲ. ಆಮೇಲೆ ತಿಳಿಯಿತು, ನಾವೊಬ್ಬರೇ ಅಲ್ಲ. ಅದೇ ಕೂಸು ಬೇರೆ ಬೇರೆ ಕುಲಾವಿಯಲ್ಲಿ ಇನ್ನೆರಡು ಮನೆಯವರ ಮಗುವಾಗಿಯೂ ಜೋಳಿಗೆ ಹತ್ತಿತ್ತು. ಮೈ ತುಂಬಿಕೊಂಡಿದ್ದ ಮಕ್ಕಳೆಲ್ಲ ಅಜ್ಜಿ ಊರಿಗೆ ಹೋಗಿದ್ದವು, ಇಲ್ಲವೇ ಮಲಗಿದ್ದವು.

ನಾಲ್ಕು ದಿನ ಕಳೆದು ತೂಕದಮ್ಮ ನೋಟುಬುಕ್ಕು ಹಿಡಿದು ಬಂದರು. ಲೆಕ್ಕ ಮುಗಿದಿತ್ತು.

"ಇದು ಬರೀ ಗ್ರಹಚಾರ ಅಲ್ಲಮ್ಮ. ನಮ್ಮ ಮಕ್ಕಳು ಪುಸ್ತಕದ ಹಾಗೇ ಇದ್ದಿದ್ರೆ, ಸಾವಿರ ಸಲ ಚೀಟಿ ಎತ್ತಿದ್ರೂ ಒಂದು ಸಲಾನೂ ಇಷ್ಟು ಕಡಿಮೆ ಬರಲ್ಲ. ನಾಳೆ ರೈಲಿಗೆ ಹೋಗಿ ಆಫೀಸಿಗೆ ಕೊಡ್ತೀನಿ. ಅವರೇ ಬಂದು ನಾಲ್ಕು ಮಕ್ಕಳನ್ನ ತೂಗಿ ನೋಡಿದ್ರೂ ನನಗೆ ಹೆದರಿಕೆ ಇಲ್ಲ. ಎಲ್ಲಾ ನಾನೇ ಕೈಯಾರೆ ತೂಗಿದ್ದು."

ಹಾಲು ಬರಬೇಕಾದರೆ ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ನನಗೆ ಚೆನ್ನಾಗಿ ಬರುವ ವಿದ್ಯೆ. ಆದರೆ ಆಫೀಸಿನವರು ಬಂದು ನನ್ನ ಮಗನ ಹೆಸರು ಕೂಗಿದರೆ? ತೂಕದಮ್ಮ ಸುಳ್ಳುಗಾತಿ ಆಗುತ್ತಾರೆ. ನಿಜ ಹೇಳಿದರೆ ಹಾಲು ತಪ್ಪಬಹುದು. ಹೇಳಿ ಸುಮ್ಮನಾಗುವಂತೆಯೂ ಇಲ್ಲ, ಮಗುವನ್ನು ತಕ್ಕಡಿಗೆ ಏರಿಸಬೇಕು. ಮದುವೆ ಮನೆಯಲ್ಲಿ ಕೆನ್ನೆ ಹಿಂಡಿದ ಆ ಕೈಗಳೆಲ್ಲ ಕಣ್ಣಿಗೆ ಬಂದವು...

ಒಳಗೆ ಹೋದೆ. ಸೀರೆ ಸರಿಸಿ ನಿಮ್ಮ ಅಪ್ಪನನ್ನು ಎತ್ತಿ ತಂದು ಅವರ ಮಡಿಲಲ್ಲಿ, ಆ ನೋಟುಬುಕ್ಕಿನ ಮೇಲೇ ಕೂರಿಸಿದೆ. ಅಕ್ಕಿ ಆರಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಯಾರಿದು?" ಎಂದರು ತೂಕದಮ್ಮ.

"ನನ್ನ ಮಗ."

"ಮತ್ತೆ ಅವತ್ತು ತೂಗಿದ್ದು?"

"ಪಕ್ಕದ ಮನೆ ಕೂಸು. ಬೇರೆಯವರೂ ಹಂಗೇ ಮಾಡವ್ರೆ. ದೃಷ್ಟಿ ಆಗ್ತದೆ ಅಂತ."

ಅವರು ಮಗುವನ್ನು ನೋಡುತ್ತಾ ಕೂತರು. ಮುದ್ದಾಗಿದೆ, ಗುಂಡಗಿದೆ ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಆಮೇಲೆ ಪುಟ ತಿರುಗಿಸಿ, "ಮೂರು ಮಕ್ಕಳ ತೂಕ ಒಂದೇ ಬಂದಿತ್ತು. ನನಗೆ ಆಗಲೇ ಹೊಳೀಬೇಕಿತ್ತು," ಎಂದು ನಕ್ಕರು. ನಗುತ್ತಲೇ ಆ ಪುಟಗಳ ಮೇಲೆ ಉದ್ದಕ್ಕೆ ಗೀಟು ಎಳೆದರು. ಇಷ್ಟು ದಿನದ ಕೆಲಸ.

ನನ್ನನ್ನು ಬೈಯಲಿಲ್ಲ. ಅತ್ತೆಯ ಕಡೆ ತಿರುಗಿ, "ಹೇಗೆ ತೂಗಿದ್ರೆ ಒಪ್ತೀರಿ ಅಜ್ಜಿ?" ಎಂದು ಕೇಳಿದರು. ಓದಿದವರು ಯಾರೂ ಅತ್ತೆಯನ್ನು ಹಾಗೆ ಕೇಳಿರಲಿಲ್ಲ. ಅತ್ತೆ ಅಕ್ಕಿಯ ಮೊರ ಪಕ್ಕಕ್ಕೆ ಸರಿಸಿದರು.

"ಮರಕ್ಕೆ ಬ್ಯಾಡ. ಮನೆ ಒಳ್ಗೆ, ಬಾಗ್ಲಾಕ್ಕೊಂಡು. ತೂಕ ಎಷ್ಟು ಅಂತ ಬಾಯ್ಬಿಟ್ಟು ಏಳ್ಬಾರ್ದು. ನಂಗೂ ಬ್ಯಾಡ, ಇವ್ಳ್ಗೂ ಬ್ಯಾಡ. ಆದ್ಮ್ಯಾಕೆ ನಾನು ದೃಷ್ಟಿ ತೆಗೀತೀನಿ."

"ಆಯ್ತು. ನನಗೂ ಒಂದು ಸಲ ತೆಗೆದುಬಿಡಿ."

ಜಂತಿಗೆ ತಕ್ಕಡಿ ಕಟ್ಟಿದರು. ನಿಮ್ಮ ಅಪ್ಪ ಜೋಳಿಗೆಯಲ್ಲಿ ಕೂತು ಕಾಲಾಡಿಸಿದ. ಮುಳ್ಳು ತಿರುಗುವಾಗ ನಾನು ಗೋಡೆ ನೋಡುತ್ತಾ ನಿಂತಿದ್ದೆ. ಅವರು ಬರೆದು ಪುಸ್ತಕ ಮುಚ್ಚಿದರು. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಇಬ್ಬರಿಗೂ. ಸಂಜೆ ಮಗು ಎರಡು ಸಲ ಸೀನಿತು. ಅತ್ತೆ ನನ್ನ ಮುಖ ನೋಡಿದರು. ರಾತ್ರಿ ಎದ್ದೆದ್ದು ಅವನ ಹಣೆ ಮುಟ್ಟಿ ನೋಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಅವನು ಹಸಿವಿಗೆ ರಂಪ ಮಾಡುತ್ತಿದ್ದ.

ತೂಕದಮ್ಮ ಅವತ್ತು ರೈಲು ಹತ್ತಲಿಲ್ಲ. ಉಳಿದ ಮನೆಗಳಿಗೆ ಅತ್ತೆಯೇ ಅವರ ಮುಂದೆ ಮುಂದೆ ಹೋದರು. ಯಾರಾದರೂ ಬಾಗಿಲಲ್ಲಿ ಅನುಮಾನಿಸಿದರೆ, "ನನ್ ಮೊಮ್ಮಗನ್ನೇ ತೂಗ್ಸಿದೀನಿ. ನಿನ್ ಮಗ ಏನು ಗಣೀಲಿ ಸಿಕ್ಕಿದ್ ಬಂಗಾರದ ಗಟ್ಟಿಯೇನೇ, ಬಚ್ಚಿಡಾಕೆ?" ಅನ್ನುತ್ತಿದ್ದರು. ಅದೇ ಮೂವತ್ತು ಚೀಟಿ, ಈ ಸಲ ಅವರವರ ಮಕ್ಕಳೇ, ಬಾಗಿಲು ಹಾಕಿಕೊಂಡು, ಮಾತಿಲ್ಲದೆ.

ಹೊಸ ಲೆಕ್ಕದಲ್ಲಿ ಪುಸ್ತಕಕ್ಕೂ ನಮಗೂ ಇದ್ದ ಅಂತರ ಬಹಳ ಇಳಿಯಿತು. ಲೈನಿನ ಮಕ್ಕಳ ಹಾಲನ್ನೆಲ್ಲ ನಾನೊಬ್ಬಳೇ ಚೆಲ್ಲಿಬಿಟ್ಟೆನೇ ಎಂದು ನನಗೆ ಅಳು ಬಂತು.

"ಕಡಿಮೆ ಆಯ್ತು, ನಿಜ," ಅಂದರು ತೂಕದಮ್ಮ. "ಆದ್ರೂ ಇದು ಗ್ರಹಚಾರಕ್ಕೆ ಮೀರಿದ್ದೇ. ಮೊದಲಿನಷ್ಟು ಜೋರಾಗಿ ಹೇಳಕ್ಕಾಗಲ್ಲ. ಆದ್ರೆ ಹೇಳಿದ್ದು ನಿಲ್ಲುತ್ತೆ."

ನಿಂತಿತು. ಆಫೀಸಿನವರು ನಿಜವಾಗಿಯೂ ಬಂದರು. ಪಟ್ಟಿಯಿಂದ ಕೆಲವು ಹೆಸರು ಆರಿಸಿ ತಮ್ಮದೇ ತಕ್ಕಡಿಯಲ್ಲಿ ತೂಗಿದರು. ತೂಕದಮ್ಮನ ಲೆಕ್ಕಕ್ಕೆ ಅದು ಸರಿಹೋಯಿತು. ಮುಂದೆ ಲೈನಿನ ತುದಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಪುಡಿಹಾಲು ಕದಡಿ ಲೋಟಕ್ಕೆ ಹಾಕಿಕೊಡುತ್ತಿದ್ದರು. ತೆಲುಗಿನವಳ ಕೂಸು ಮುಂದಿನ ಯುಗಾದಿಯ ಹೊತ್ತಿಗೆ ಕೆನ್ನೆ ತುಂಬಿಕೊಂಡಿತು. ಅವಳು ಅದನ್ನು ಸೆರಗಿನೊಳಗೆ ಮುಚ್ಚಿಕೊಂಡು ಓಡಾಡತೊಡಗಿದಳು.

ತೂಕದಮ್ಮನನ್ನು ಕಳಿಸಲು ನಾನೂ ನಿಮ್ಮ ತಾತನೂ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದೆವು. ಮತ್ತೆ ಅವರು ಬರಲಿಲ್ಲ. ಒಂದೆರಡು ಕಾರ್ಡು ಬಂದವು, ಮಗು ಕ್ಷೇಮವೇ ಎಂದು. ಮರು ಕಾರ್ಡು ಬರೆಯಬೇಕೆಂದುಕೊಂಡೆ, ಏನು ಬರೆಯಬೇಕೋ ತಿಳಿಯದೆ ಬಿಟ್ಟೆ... ಅತ್ತೆ ಹೋದರು, ನಿಮ್ಮ ತಾತ ಹೋದರು, ಲೈನಿನವರು ಒಬ್ಬೊಬ್ಬರಾಗಿ ಚದುರಿದರು. ತೂಕದಮ್ಮ ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ಈಗ ಇರಲಾರರು.

ಇವತ್ತು ನಿಮ್ಮ ಅಪ್ಪ ಮೊಣಕಾಲು ನೋವೆಂದು ಡಾಕ್ಟರ ಹತ್ತಿರ ಹೋಗಿ, ತೂಕ ಇಳಿಸಬೇಕಂತೆ ಎಂದು ಗೊಣಗುತ್ತಾ ಬಂದ. ಹನ್ನೊಂದು ತಿಂಗಳಿದ್ದಾಗ ಅವನು ಎಷ್ಟು ತೂಗುತ್ತಿದ್ದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಸ್ಟೇಷನ್ನಿನಲ್ಲಿ ಕೇಳಬಹುದಿತ್ತು, ಅತ್ತೆ ಹತ್ತಿರದಲ್ಲಿರಲಿಲ್ಲ. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದನ್ನು ಬಲ್ಲವರು ಅವರೊಬ್ಬರೇ ಇದ್ದರು.