ಬಾಯಿ ಬಂದ ಗೋಡೆ

ಕುಕ್ಕರಿನ ಸೀಟಿ ಎಣಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅದು ಕೂಗುವುದನ್ನೇನೂ ನಿಲ್ಲಿಸಿಲ್ಲ. ನನಗೆ ಕೇಳಿಸುವುದು ನಿಂತಿದೆ. ಈಗ ಅಡುಗೆಮನೆಯ ಕಟ್ಟೆಗೆ ಒರಗಿ, ಮುಚ್ಚಳದ ಮೇಲೆ ಏಳುವ ಹಬೆಯ ಗತ್ತನ್ನು ನೋಡಿಯೇ ಬೇಳೆ ಬೆಂದಿತೆಂದು ತಿಳಿಯುತ್ತೇನೆ. ಊರಿನ ಜಲಪಾತ ಮಳೆಗಾಲದಲ್ಲಷ್ಟೇ ಮೈದುಂಬಿ ಮೊರೆಯುತ್ತದೆ, ಜನ ಬಸ್ಸು ಮಾಡಿಕೊಂಡು ಬಂದು ನೋಡುತ್ತಾರೆ. ನನ್ನ ಕಿವಿಯೊಳಗಿನದು ವರ್ಷವಿಡೀ ಮೊರೆಯುತ್ತದೆ, ನೋಡಲು ಯಾರೂ ಬರುವುದಿಲ್ಲ. ಬೆಳಗಾವಿಗೆ ಹೋಗಿ ಕಿವಿಗೊಂದು ಯಂತ್ರ ಹಾಕಿಸಿಕೊಂಡು ಬಂದದ್ದೂ ಆಯಿತು. ಅದು ಮಕ್ಕಳ ಮಾತಿಗಿಂತ ಫ್ಯಾನಿನ ಗರಗರವನ್ನೇ ಹೆಚ್ಚು ಪ್ರೀತಿಯಿಂದ ಕೇಳಿಸತೊಡಗಿದ್ದರಿಂದ ಕಪಾಟು ಸೇರಿತು.

ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಆದರೆ ನಾನು ಗೋಕಾಕದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಮೂಡಲಗಿ, ಅರಭಾವಿ, ಮೇಲವಂಕಿಗಳಿಂದ ಬಸ್ಸಿನಲ್ಲಿ ನಿಂತು ಬರುವ ಮಕ್ಕಳು ನನ್ನೆದುರು ಕೂರುತ್ತಾರೆ. ಹೇಳುವುದಕ್ಕೆ ಬಾಯಿ ಸಾಕು, ಅದು ನನಗೆ ದಂಡಿಯಾಗಿಯೇ ಇದೆ. ಪ್ರಶ್ನೆ ಬಂದಾಗಲೇ ಪೇಚಾಟ. ಕನ್ನಡದ ಚಮತ್ಕಾರ ನೋಡಿ, ‘ಕೇಳು’ ಎಂಬ ಒಂದೇ ಮಾತಿಗೆ ಎರಡು ಕೆಲಸ. ಅವರು ಕೇಳುತ್ತಾರೆ, ನಾನೂ ಕೇಳಬೇಕು. ಅವರ ಕೆಲಸವನ್ನು ಅವರು ಚೆನ್ನಾಗಿಯೇ ಮಾಡುತ್ತಿದ್ದರು. ನಾನು ತುಟಿಗಳ ಚಲನೆ ನೋಡಿ, ಪಾಠದಲ್ಲಿ ಎಲ್ಲಿದ್ದೇವೆಂದು ಲೆಕ್ಕ ಹಾಕಿ, ಕತ್ತಲಲ್ಲಿ ಕಲ್ಲು ಬೀರಿದಂತೆ ಉತ್ತರ ಬೀರುತ್ತಿದ್ದೆ. ಬಹುತೇಕ ಅದು ತಾಕುತ್ತಿತ್ತು.

ತಾಕದಿದ್ದ ದಿನದ ಕಥೆ ಹೇಳುತ್ತೇನೆ. ಅಂದು ಕೈಗಾರಿಕಾ ಕ್ರಾಂತಿಯ ಪಾಠ. ಮೂಡಲಗಿಯ ಭಾಗ್ಯಶ್ರೀ, ಹಿಂದಿನ ಬೆಂಚಿನ ಮಾತುಗಾತಿ, ಎದ್ದು ನಿಂತು ಏನನ್ನೋ ಆತುರಾತುರವಾಗಿ ಕೇಳಿದಳು. ಎಷ್ಟು ಆಸಕ್ತಿ ಈ ಹುಡುಗಿಗೆ ಎಂದು ನನಗೆ ಹಿಗ್ಗು. ಮುಗುಳ್ನಗುತ್ತ, ಅದು ಮೊದಲು ಇಂಗ್ಲೆಂಡಿನಲ್ಲಾಯಿತು, ಆಮೇಲೆ ಯುರೋಪಿನಲ್ಲೆಲ್ಲ ಹಬ್ಬಿತು ಎಂದು ಹೇಳಿದೆ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಾಠ ಇಷ್ಟು ರುಚಿಸಿತಲ್ಲ ಎಂದು ನಾನೂ ಜೊತೆಗೂಡಿ ನಕ್ಕೆ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುವ, ಹುಕ್ಕೇರಿಯಿಂದ ದಿನಾ ಬರುವ ಇಮ್ತಿಯಾಜ್ ಆಗ ಪಡಸಾಲೆಯಲ್ಲಿ ಹಾಯ್ದು ಹೋಗುತ್ತಿದ್ದನಂತೆ. ಸಂಜೆ ಬಂದು, ಬಹಳ ಸಂಕೋಚದಿಂದ, ಭಾಗ್ಯಶ್ರೀ ನಿಜವಾಗಿ ಕೇಳಿದ್ದೇನೆಂದು ಹೇಳಿದ.

“ಅಕ್ಕಗ ಹೆರಿಗಿ ಬ್ಯಾನಿ ಸುರು ಆಗ್ಯಾವಂತ್ರಿ, ನಾ ಮನಿಗೆ ಹೋಗ್ಲೇನ್ರಿ?”

ಗೆಳತಿಯರು ಅವಳನ್ನು ಹಿಂದಿನ ಬಾಗಿಲಿನಿಂದ ಕಳಿಸಿಕೊಟ್ಟಿದ್ದರು. ತಾಯಿ ಮಗು ಕ್ಷೇಮವೆಂದು ಮರುದಿನ ತಿಳಿಯಿತು. ನಾನು ಮಾತ್ರ ಕ್ಷೇಮವಾಗಿರಲಿಲ್ಲ. ನಕ್ಕವರು ನನ್ನನ್ನು ಕಂಡು ನಕ್ಕರೆಂಬುದು ಅಷ್ಟೇನೂ ಚುಚ್ಚಲಿಲ್ಲ. ಅವಸರದಲ್ಲಿದ್ದ ಒಂದು ಹುಡುಗಿ ನನ್ನ ಕಡೆಯಿಂದ ಇಂಗ್ಲೆಂಡನ್ನು ಪಡೆದು ಹೋದಳಲ್ಲ, ಅದು ಚುಚ್ಚಿತು. ಸೇವೆ ಇನ್ನೂ ಇದ್ದರೂ ಈ ವರ್ಷ ಮುಗಿಯುತ್ತಲೇ ಬಿಡುವೆನೆಂದು ಪ್ರಾಚಾರ್ಯರಿಗೆ ಹೇಳಿಬಿಟ್ಟೆ. ಅವರು ವಿಚಾರ ಮಾಡಿ ಎಂದರೋ, ವಿಶ್ರಾಂತಿ ಮಾಡಿ ಎಂದರೋ, ಅದೂ ನನಗೆ ಸರಿಯಾಗಿ ಕೇಳಿಸಲಿಲ್ಲ.

ಇಂಥ ಹೊತ್ತಿನಲ್ಲಿ ಕಾಲೇಜಿಗೆ ಕೃತಕ ಬುದ್ಧಿಮತ್ತೆಯ ಆಗಮನವಾಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಕಾಲೇಜು ನಡೆಸುವ ನಮ್ಮ ಆಡಳಿತ ಮಂಡಳಿ, ಇನ್ನು ಮುಂದೆ ಪಾಠದಲ್ಲಿ ಎಲ್ಲರೂ ಅದನ್ನು ಬಳಸತಕ್ಕದ್ದೆಂದು ಅಪ್ಪಣೆ ಕೊಡಿಸಿ, ಮೂಡಲಗಿಯಲ್ಲಿ ಕಾರ್ಯಾಗಾರ ಇಟ್ಟಿತು. ಅಲ್ಲಿನ ಸಂಭ್ರಮವನ್ನು ನೀವು ನೋಡಬೇಕಿತ್ತು. ಅರ್ಥಶಾಸ್ತ್ರದವರು ಅದರಿಂದ ಪ್ರಶ್ನೆಪತ್ರಿಕೆ ಬರೆಸಿ, ಉತ್ತರವನ್ನೂ ಬರೆಸಿ, ಇನ್ನು ಮಕ್ಕಳೇಕೆ ಬೇಕೆಂದು ಕ್ಷಣಕಾಲ ವಿರಾಗಿಯಾದರು. ಕನ್ನಡದ ಹಿರಿಯರೊಬ್ಬರು ಸಂಧಿಯ ಬಗ್ಗೆ ಅದರೊಡನೆ ವಾದಕ್ಕಿಳಿದರು. ಅದು ಮಾತುಮಾತಿಗೂ ಕ್ಷಮೆ ಕೇಳಿ ತಪ್ಪೊಪ್ಪಿಕೊಳ್ಳುವುದನ್ನು ಕಂಡು, ಇಷ್ಟು ವರ್ಷದ ಸೇವೆಯಲ್ಲಿ ಇಂಥ ವಿನೀತ ಶಿಷ್ಯ ಸಿಕ್ಕಿರಲಿಲ್ಲವೆಂದು ಕರಗಿಹೋದರು. ನಾನು ಮೂಲೆಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಬಿಟ್ಟುಹೋಗುವವಳಿಗೆ ಬುದ್ಧಿ ಕೃತಕವಾದರೇನು, ಸಹಜವಾದರೇನು! ಆಗ ಇಮ್ತಿಯಾಜ್ ಎದುರಿಗೆ ಕುರ್ಚಿ ಎಳೆದುಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದ.

“ಮೇಡಂರಿ, ಇದು ಬರೇ ಬರಿಯೂದಷ್ಟ ಅಲ್ರಿ. ಕೇಳತೈತಿ ಸುದ್ದಾ.”

ಒಂದು ವಾರದೊಳಗೆ ನನ್ನ ತರಗತಿಯ ಬೆಂಚುಗಳ ನಡುವೆ ಮೈಕು ಬಂತು, ಮೇಲೆ ಪ್ರೊಜೆಕ್ಟರು ಬಂತು. ಮಕ್ಕಳು ಆಡಿದ್ದು ಆಡಿದಂತೆ ನನ್ನೆದುರಿನ ಬಿಳಿ ಗೋಡೆಯ ಮೇಲೆ ಅಕ್ಷರವಾಗಿ ಮೂಡುವ ಏರ್ಪಾಡು. ಗೋಡೆಗೂ ಕಿವಿಯಿರುತ್ತದೆಂದು ಹಿರಿಯರು ಎಚ್ಚರಿಸುತ್ತಿದ್ದರು. ನಮ್ಮ ಗೋಡೆಗೆ ಬಾಯೂ ಬಂದುಬಿಟ್ಟಿತು. ಆದರೆ ಪಾಪ, ಅದು ಕಲಿತು ಬಂದದ್ದು ಪುಸ್ತಕದ ಕನ್ನಡ. ನಮ್ಮ ಸೀಮೆಯ ಗೌರವದ ‘ರಿ’ ಅದಕ್ಕೆ ಬಗೆಹರಿಯಲಿಲ್ಲ. ಮೊದಲ ದಿನ ಒಬ್ಬ ಎದ್ದು ಕಿಟಕಿ ತೆಗೆಯಲೇ ಎಂದು ಕೇಳಿದ್ದಕ್ಕೆ ಗೋಡೆಯ ಮೇಲೆ “ಮೇಡಂ ಹರಿ, ಕಿಟಕಿ ತೆಗಿಲೇನು ಹರಿ” ಎಂದು ಮೂಡಿತು. ಇನ್ನೊಬ್ಬಳು ಬೇಡವೆಂದಳು, “ಬ್ಯಾಡ ಹರಿ.” ಇತಿಹಾಸದ ತರಗತಿ ನೋಡನೋಡುತ್ತ ಭಜನಾಮಂಟಪವಾಯಿತು. ಮಕ್ಕಳು ನಕ್ಕರು, ನಾನೂ ನಕ್ಕೆ. ಎಷ್ಟೋ ಕಾಲದ ಮೇಲೆ ಅವರೂ ನಾನೂ ಒಂದೇ ಮಾತಿಗೆ ನಕ್ಕಿದ್ದೆವು. ಆ ಯಂತ್ರದ ಮೇಲೆ ನನಗೊಂದು ಬಗೆಯ ವಾತ್ಸಲ್ಯ ಹುಟ್ಟಿತು. ಅದೂ ನನ್ನ ಹಾಗೆಯೇ ಅರ್ಧ ಕೇಳಿ, ಅರ್ಧ ಊಹಿಸಿ, ಪೂರ್ಣ ಧೈರ್ಯದಿಂದ ಮಾತಾಡುವ ಪೈಕಿ.

ಆಮೇಲಿನ ದಿನಗಳನ್ನು ಹೇಗೆ ಬಣ್ಣಿಸಲಿ? ಮಕ್ಕಳು ತುಸು ಬಿಡಿಸಿ ಮಾತಾಡಲು ಕಲಿತರು, ಇಮ್ತಿಯಾಜ್ ಏನೇನೋ ತಿದ್ದಿದ, ಗೋಡೆ ನಮ್ಮ ಮಾತಿಗೆ ಪಳಗಿತು. ನನಗೋ ಹುಚ್ಚು ಹಿಡಿದಂತಾಯಿತು. ಅವರ ಪಿಸುಮಾತು, ಕೀಟಲೆ, ಆಕಳಿಕೆಯ ನಡುವಿನ ಗೊಣಗಾಟ, ಎಲ್ಲವೂ ಮಿರಮಿರನೆ ಮೂಡುತ್ತಿದ್ದವು. ನನ್ನ ಸೀರೆಯ ಬಣ್ಣ ಚೆಂದವೆಂದು ಯಾರೋ ಅಂದದ್ದನ್ನು ಓದಿ, ಫ್ರಾನ್ಸಿನ ರಾಜನ ಶಿರಚ್ಛೇದವನ್ನು ಬಾಯ್ತುಂಬ ನಗುತ್ತ ವಿವರಿಸಿದೆ. ಕಿವಿ ಹೋದದ್ದು ಒಂದೇ ಸಲಕ್ಕಲ್ಲ, ಹನಿಹನಿಯಾಗಿ. ಮಾತು ಮರಳಿ ಬಂದದ್ದು ಮಾತ್ರ ಹೊಳೆಯಾಗಿ.

ಹೀಗಿರುವಾಗ ಒಂದು ದಿನ ನಮ್ಮೂರಿನ ಜಲಪಾತದ ಬಳಿಯ ನೂಲಿನ ಗಿರಣಿಯ ಮಾತು ಬಂತು. ಯಂತ್ರದ ಮಗ್ಗ ಬಂದಾಗ ಕೈಮಗ್ಗದವರ ಗತಿಯೇನಾಯಿತೆಂದು ಹೇಳುತ್ತಿದ್ದೆ. ಭಾಗ್ಯಶ್ರೀ ಎದ್ದು ನಿಂತಳು. ನಾನು ಅವಳ ತುಟಿ ಬಿಟ್ಟು ಗೋಡೆಯನ್ನು ನೋಡಿದೆ. ಅಕ್ಷರಗಳು ಒಂದೊಂದಾಗಿ ಮೂಡಿದವು.

“ಯಂತ್ರ ಬಂದ್ರ ಮಂದಿ ಕೆಲಸ ಹೋಗತಾವಂತ ನೀವ ಕಲಿಸೀರಿ. ಈ ಯಂತ್ರ ಬಂದದ್ದಕ್ಕ ನೀವು ಬಿಟ್ಟು ಹೊಂಟೀರೇನ್ರಿ?”

ಒಂದು ‘ಹರಿ’ಯೂ ಇಲ್ಲದೆ, ಒಂದಕ್ಷರವೂ ತಪ್ಪದೆ ಬಂದಿತ್ತು. ಸುದ್ದಿ ಅವರಿಗೆ ಹೇಗೆ ಮುಟ್ಟಿತೋ ತಿಳಿಯದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗೋಡೆ ಕೂಡ ಬರಿದಾಗಿ ಕಾಯುತ್ತಿತ್ತು. ಊಹಿಸಿ ಉತ್ತರಿಸುವ ನೆವ ನನಗೆ ಉಳಿದಿರಲಿಲ್ಲ.

“ಇಲ್ಲವಾ. ಇದು ಬಂದದ್ದಕ್ಕನ ಉಳಿತೀನಿ,” ಎಂದೆ.

ಅವರು ಬೆಂಚು ಬಡಿದರು. ಅದು ಗೋಡೆಯ ಮೇಲೆ ಮೂಡಲಿಲ್ಲ, ನೆಲದಿಂದ ನನ್ನ ಅಂಗಾಲಿಗೆ ಬಂತು. ಪ್ರಾಚಾರ್ಯರನ್ನು ಈಗಲೇ ಕಾಣಬೇಕೆನಿಸಿದರೂ ಕೈಮಗ್ಗದವರನ್ನು ನಡುದಾರಿಯಲ್ಲಿ ಬಿಡಲಾಗದೆ ಪಾಠ ಮುಂದುವರಿಸಿದೆ. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು, ನಾನು ಕೇಳುತ್ತ ಹೋದೆ, ಅವರು ಕೇಳುತ್ತ ಹೋದರು. ಎಷ್ಟೋ ಹೊತ್ತಿನ ಮೇಲೆ ಬಾಗಿಲತ್ತ ತಿರುಗಿದರೆ ಅರ್ಥಶಾಸ್ತ್ರದವರು ಪುಸ್ತಕ ಹಿಡಿದು ಕಂಬದಂತೆ ನಿಂತಿದ್ದಾರೆ. ಅವಧಿ ಮುಗಿದ ಗಂಟೆ ಯಾವಾಗಲೋ ಹೊಡೆದಿತ್ತಂತೆ. ಗಂಟೆಯ ಸದ್ದನ್ನು ಆ ಯಂತ್ರ ಬರೆಯುವುದಿಲ್ಲ. ಮಕ್ಕಳಲ್ಲೂ ಯಾರೊಬ್ಬರೂ ಹೇಳಿರಲಿಲ್ಲ.