ಉಸ್ತಾದರು ಕೇಳಿಸಿಕೊಳ್ಳುತ್ತಿದ್ದ ರೀತಿ

ಡ್ರಮ್ ಬಾರಿಸುವಾಗ ನಮ್ಮ ಉಸ್ತಾದರ ಎಡಗಾಲು ಬರಿಗಾಲು. ಚಪ್ಪಲಿ ಕಳಚಿ, ಬಿರುಕುಬಿಟ್ಟ ಹಿಮ್ಮಡಿಯನ್ನು ವೇದಿಕೆಯ ಹಲಗೆಗೆ ಒತ್ತಿ ಕೂರುತ್ತಿದ್ದರು. ಸ್ಟೈಲ್ ಅಂದುಕೊಂಡಿದ್ದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ.

ಭಾಲ್ಕಿಯ ಮದುವೆ ಬ್ಯಾಂಡಿನಲ್ಲಿ ಪಳಗಿದ ಕೈ ಅದು. ಜಾಝ್ ಕಲಿತದ್ದು ಕ್ಯಾಸೆಟ್ ಕೇಳಿ. ಹೈದರಾಬಾದಿನ ಡಾನ್ಸ್ ಕ್ಲಬ್ಬೊಂದರಲ್ಲಿ ನಾವಿಬ್ಬರೂ ಡ್ರಮ್ ಆ್ಯಂಡ್ ಬೇಸ್ ನುಡಿಸುತ್ತಿದ್ದೆವು. ಅವರದು ಓಡುವ ಡ್ರಮ್, ನನ್ನದು ಬೇಸ್ ಗಿಟಾರ್. ಆ ಓಟದ ನಡುವೆ ಜಾಝಿನ ಹಾಗೆ ಒಂದು ಪೆಟ್ಟನ್ನು ಬೇಕೆಂದೇ ತಡಮಾಡಿ ಹಾಕುತ್ತಿದ್ದರು. ಕುಣಿಯುವವರ ಕಾಲು ಗಾಳಿಯಲ್ಲೇ ನಿಲ್ಲುತ್ತಿತ್ತು.

"ಮಂದಿಗಿ ಬೀಳಸ್ಬೇಕು, ಮತ್ತ ನಾವೇ ಹಿಡೀಬೇಕು" ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನದ ಪಾರ್ಟಿಗೆ ಹೋದರೆ, ಅಕ್ಕಪಕ್ಕದವರ ತಕರಾರಿಗೆ ಹೆದರಿದ ಮಾಲೀಕ ಹಲಗೆಯ ಮೇಲೆ ದಪ್ಪ ಫೋಮ್ ಹಾಸಿಸಿದ್ದ. ಉಸ್ತಾದರು ಕಾಲಿಟ್ಟರು. ಮುಖ ಬಿಳಿಚಿತು.

"ತಮ್ಮಾ, ಇವತ್ತ ನನ್ನ ಮುಂದ ನಿಂದ್ರು. ನಿನ್ನ ಬೆರಳು ನನಗ ಕಾಣ್ಬೇಕು."

"ಯಾಕ್ರಿ ಉಸ್ತಾದ, ನಾ ಏನ್ ಕನ್ಯಾ ಏನ್ರಿ, ನೋಡ್ಕೋತ ಕೂಡ್ಲಿಕ್ಕ?"

ಅವರು ನಗಲಿಲ್ಲ. ಅವರ ಕಣ್ಣು ನನ್ನ ತುಟಿಯ ಮೇಲಿತ್ತು.

"ಎರಡೂ ಕಿವಿ ಹೋಗ್ಯಾವ. ಇಷ್ಟ್ ದಿನ ನಿನ್ನ ಬೇಸ್ ಕಾಲಿನಿಂದ ಕೇಳೀನಿ. ಯಾರಿಗಿ ಹೇಳಬ್ಯಾಡ, ನಿಮ್ಮ ವೈನಿಗೂ. ಖಬರ್ ಆದ್ರ ನನಗ ಯಾರೂ ಕರೆಯಂಗಿಲ್ಲ."

ಆಣೆ ಮಾಡಿದೆ. ಮಾಡಿದವನೇ, ಜನ ಸೀಟಿ ಹೊಡೆದ ಕೂಡಲೇ ಉಬ್ಬಿ ಅವರಿಗೆ ಬೆನ್ನು ತಿರುಗಿಸಿದೆ. ಹಿಂದೆ ಡ್ರಮ್ ನನ್ನನ್ನು ಬಿಟ್ಟು ಓಡತೊಡಗಿತು. ತಿರುಗಿ ನೋಡಿದರೆ ಉಸ್ತಾದರು ನಗುತ್ತಿದ್ದರು, ಎಲ್ಲ ಸರಿಯಿದೆ ಅಂತಲೇ ನಂಬಿ. ಬೇಸನ್ನೇ ಅವರ ಹಿಂದೆ ಓಡಿಸಿದೆ. ಜನ ಅದನ್ನೂ ಕರಾಮತ್ತು ಅಂದುಕೊಂಡು ಕುಣಿದರು.

ಆಮೇಲೆ ವರ್ಷವಿಡೀ ಹಾಗೇ ನಡೆಸಿದೆವು. ಅವರ ಹೆಂಡತಿ, ನಮ್ಮ ವೈನಿ, ಬೈಯುತ್ತಿದ್ದರು: "ಕರದ್ರ ಓ ಅನ್ನಂಗಿಲ್ಲ. ಭಾಳ ಸೊಕ್ಕ್ ಬಂದದ ನಿಮ್ಮ ಉಸ್ತಾದಗ." ನಾನು ನಕ್ಕು ಚಹಾ ಕುಡಿಯುತ್ತಿದ್ದೆ.

ಔರಾದ್ ರಸ್ತೆಯಲ್ಲಿ, ಹಾಡಹಗಲೇ, ನಡೆದು ಹೋಗುತ್ತಿದ್ದ ಉಸ್ತಾದರ ಹಿಂದಿನಿಂದ ಲಾರಿ ಬಂತು.

"ಎಷ್ಟ್ ಹಾರ್ನ್ ಹೊಡದ್ರೂ ಸರೀಲಿಲ್ರಿ ಆ ಮನಷ್ಯಾ" ಅಂತ ಡ್ರೈವರ್ ಬೀದರಿನ ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ ಅಳುತ್ತಿದ್ದ. ವೈನಿ ನನ್ನ ಕಡೆ ತಿರುಗಿದರು.

"ಯಾಕ ಕೇಳ್ಸಲಿಲ್ಲೋ ತಮ್ಮಾ ಅವರಿಗಿ?"

"ಗೊತ್ತಿಲ್ರಿ ವೈನಿ" ಅಂದೆ.

ನಾನು ಇಲ್ಲಿ ಬರೆಯುವುದನ್ನೆಲ್ಲ ವೈನಿ ಫೋನಿನಲ್ಲಿ ಓದುತ್ತಾರೆ. ಇದನ್ನೂ ಓದಲಿ. ನನಗೆ ಗೊತ್ತಿತ್ತು, ವೈನಿ.