ಹೇಳಿದರೆ ಆಗದವರು

ಬಾಗಿಲು ತೆರೆದಾಗ ಅವರ ಎಡಗೈಯಲ್ಲಿ ಶೆಟ್ಟಿ ಗೊಂಬೆಯ ಮುಂಡವಿತ್ತು, ಬಲಗೈಯಲ್ಲಿ ಅದರ ತಲೆ. ಕುಂಕುಮದ ಪಕ್ಕದಲ್ಲಿ, ಅವರ ಹಣೆಗೆ ಹತ್ತಿದ ಗೋಂದಿನ ಹನಿಯೊಂದು ಒಣಗಿ ಹೊಳೆಯುತ್ತಿತ್ತು. "ಬನ್ನಿ ಬನ್ನಿ, ಶೆಟ್ಟರಿಗೆ ಆಪರೇಷನ್ ನಡೀತಿದೆ," ಎಂದರು ನಮ್ಮ ಎದುರುಮನೆ ಮಿಸ್.

ನನಗೆ ಸಮಾಧಾನವಾಯಿತು. ಒಡೆಯಬೇಕಾದದ್ದು ನಾವು ಬರುವ ಮೊದಲೇ ಒಡೆದಿತ್ತು.

ನಾನು ವಿಮಾ ಕಂಪನಿಯೊಂದರಲ್ಲಿ ಕ್ಲೇಮು ನೋಡುವವನು. ಆಗಬಹುದಾದ ಅನಾಹುತಗಳನ್ನು ಮುಂಚಿತವಾಗಿ ಕಲ್ಪಿಸಿಕೊಳ್ಳುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆ. ಆ ದಸರೆಯ ಸಂಜೆ ಏಳು ವರ್ಷದ ಮಗಳ ಕೈಹಿಡಿದು ಜಯನಗರದ ನಮ್ಮ ಸಣ್ಣ ಅಡ್ಡರಸ್ತೆಯನ್ನು ದಾಟುವಷ್ಟರಲ್ಲಿ ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಇವಳು ಗೊಂಬೆ ಒಡೆಯಬಹುದು. ಮೆಟ್ಟಿಲಿಗೆ ಹಾಸಿದ ಬಿಳಿ ಪಂಚೆಯ ತುದಿ ಎಳೆದು ದಶಾವತಾರವನ್ನೆಲ್ಲ ಒಂದೇ ಏಟಿಗೆ ಮುಗಿಸಬಹುದು. ದೀಪಕ್ಕೆ ಲಂಗ ತಾಗಬಹುದು. ಸೀರಿಯಲ್ ಸೆಟ್ಟಿನ ವೈರು ಹಿಡಿಯಬಹುದು. ಕಡಲೆಕಾಳಿನ ಉಸಲಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅರಿಶಿನ ಕುಂಕುಮಕ್ಕೆ ಬಂದ ಯಾರಾದರೂ ಆಂಟಿಗೆ "ನಿಮ್ಮ ಮೀಸೆ ಚೆನ್ನಾಗಿದೆ" ಎನ್ನಬಹುದು. ಇವು ಯಾವುವೂ ಆಗಲಿಲ್ಲ. ಆದದ್ದು ಇಷ್ಟು: ಗೊಂಬೆ ಕೂರಿಸಿದ ಯಾವ ಮನೆಯಲ್ಲಾದರೂ, ಬಂದ ಯಾವ ಮಗುವಿಗಾದರೂ ಹೇಳುವ ಮಾತನ್ನು ಮಿಸ್ ಕೂಡ ಹೇಳಿದರು.

"ಒಂದು ಹಾಡು ಹೇಳು ಪುಟ್ಟಿ, ಆಮೇಲೆ ಬೊಂಬೆ ಬಾಗಿನ."

ಮಗಳು ಆ ಹಾಡನ್ನು ವಾರದಿಂದ ಬಚ್ಚಲುಮನೆಯಲ್ಲಿ ಹಾಡಿಕೊಳ್ಳುತ್ತಿದ್ದಳು. ಗೊಂಬೆಗಳಿಗೆ ಹಾಡಿ ತೋರಿಸಬೇಕೆಂದು ಅವಳೇ ನನ್ನನ್ನು ಎಳೆದುಕೊಂಡು ಬಂದಿದ್ದಳು. ಅದನ್ನು ಹಾಡಲಿಕ್ಕೆಂದು ತೆರೆದ ಬಾಯಿ ಹಾಗೇ ನಿಂತುಹೋಯಿತು. "ನನ್ನ ಗಂಟಲಲ್ಲಿ ನಾಯಿ ಮಲಗಿದೆ," ಎಂದಳು. ಆಮೇಲೆ ಕಾಲಿನ ಮೂಳೆ ಕರಗಿದೆ ಎಂದಳು. ನಾನು, ಮುಟ್ಠಾಳ, "ಎರಡೇ ಸಾಲು ಹೇಳು ಬಂಗಾರ, ಎಷ್ಟು ಚೆನ್ನಾಗಿ ಹೇಳ್ತೀಯ ನೀನು," ಎಂದೆ. ಅವಳು ಕಿರುಚಿ, ನನ್ನ ಮುಂಗೈ ಕಚ್ಚಿ, ಮೆಟ್ಟಿಲ ಹಿಂದಿನ ಕತ್ತಲೆಗೆ ನುಗ್ಗಿದಳು. ಬಂದಿದ್ದ ಹೆಂಗಸರು ಉಸಲಿಯ ದೊನ್ನೆ ಹಿಡಿದು ನನ್ನನ್ನು ನೋಡಿದರು. ಆ ನೋಟ ನನಗೆ ಪರಿಚಿತವಾದದ್ದು. 'ಮಗು ಬೆಳೆಸೋಕೆ ಬರಲ್ಲ' ಎಂಬುದನ್ನು ದಕ್ಷಿಣ ಬೆಂಗಳೂರಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಿಸ್ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೆಟ್ಟಿಲಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತು ಶೆಟ್ಟಿಯ ಕುತ್ತಿಗೆಗೆ ಗೋಂದು ಹಚ್ಚತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಬಾಗಿನದ ಪೊಟ್ಟಣವನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು, ಗೊಂಬೆಗೆ ಹೇಳುವಂತೆ, "ಶೆಟ್ಟರೇ, ಇದು ಇಲ್ಲಿರತ್ತೆ. ನಾನು ಅಡುಗೆಮನೇಲಿ ಇರ್ತೀನಿ," ಎಂದು ಎದ್ದು ಹೋದರು. ಅವರು ಮರಳಿ ಬಂದಾಗ ಪೊಟ್ಟಣ ಇರಲಿಲ್ಲ. ಮೆಟ್ಟಿಲ ಹಿಂದಿನಿಂದ ಕೊಬ್ಬರಿಮಿಠಾಯಿ ಅಗಿಯುವ ಶಬ್ದ ಬರುತ್ತಿತ್ತು.

ಹೊರಡುವಾಗ ಗೇಟಿನ ಹತ್ತಿರ ನನಗೆ ಮಾತ್ರ ಕೇಳುವಂತೆ, "ತಪ್ಪು ನಂದು ಕಣಪ್ಪ. ಕೇಳಬಾರದಿತ್ತು. ನಾನಂತೂ ಕೇಳಲೇಬಾರದಿತ್ತು," ಎಂದರು. ಅದರ ಅರ್ಥ ನನಗೆ ಆಗ ತಿಳಿಯಲಿಲ್ಲ.

ಅವರು ಹೈಸ್ಕೂಲೊಂದರ ನಿವೃತ್ತ ಹೆಡ್ಮಿಸ್. ಮದುವೆಯಾಗಿರಲಿಲ್ಲ. ಬಿಳಿ ಕೂದಲನ್ನು ಕತ್ತಿನವರೆಗೆ ತಾವೇ ಕತ್ತರಿಸಿಕೊಳ್ಳುತ್ತಿದ್ದರು, ಆದ್ದರಿಂದ ಎಡಗಡೆ ಯಾವಾಗಲೂ ಕೊಂಚ ಗಿಡ್ಡ. ಬಸ್ಸಿನಲ್ಲಿ ಕಂಡಕ್ಟರ್ "ಒಳಗೆ ಹೋಗಿ, ಒಳಗೆ ಹೋಗಿ" ಎಂದರೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಬಿಡುತ್ತಿದ್ದರು. ಹೀಗೆ ಬನಶಂಕರಿಯಿಂದ ಎಷ್ಟೋ ಸಲ ನಡೆದೇ ಬಂದದ್ದುಂಟು. ಮನೆಗೆ ಹೋದವರಿಗೆ "ಕೂತ್ಕೊಳ್ಳಿ" ಎನ್ನುತ್ತಿರಲಿಲ್ಲ. ಕುರ್ಚಿಯ ಮೇಲಿನ ಪೇಪರು ತೆಗೆಯುತ್ತಿದ್ದರು, ಅಷ್ಟೆ. ವಯಸ್ಸಾದವರ ತಿಕ್ಕಲು ಎಂದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಆಗ ಬೆಳಗು ಎಂದರೆ ಯುದ್ಧ. ಹಲ್ಲುಜ್ಜು ಎಂದರೆ ಮಗಳು ಬೆಕ್ಕಾಗುತ್ತಿದ್ದಳು, ಬೆಕ್ಕುಗಳು ಹಲ್ಲುಜ್ಜುವುದಿಲ್ಲವಲ್ಲ. ಶೂ ಹಾಕು ಎಂದರೆ "ಅಪ್ಪ, ನಿನ್ನ ಶರ್ಟು ಇವತ್ತು ಸಖತ್ತಾಗಿದೆ, ಯಾರು ಕೊಡಿಸಿದ್ದು?" ಎಂದು ಮಾತು ತಿರುಗಿಸುತ್ತಿದ್ದಳು, ನಾನು ಆ ಹೊಗಳಿಕೆಗೂ ಬೀಳುತ್ತಿದ್ದೆ. ಗೋಡೆಗೆ ಚಾರ್ಟು ಅಂಟಿಸಿ, ಹೇಳಿದ್ದು ಮಾಡಿದರೆ ನಕ್ಷತ್ರ ಎಂದೆವು. ಹರಿದು ನೀರಿಗೆ ಹಾಕಿದಳು. ಸ್ಕೂಲಿನಲ್ಲಿ ಮಾತ್ರ ಅವಳು ಮಾದರಿ ಮಗು. ವ್ಯಾನಿನಿಂದ ಇಳಿದು, ಗೇಟು ದಾಟಿ, ಬ್ಯಾಗು ಬಿಸುಟ ಕ್ಷಣದಿಂದ ದಿನವೆಲ್ಲ ತಡೆದದ್ದು ನಮ್ಮ ಮೇಲೆ ಒಡೆಯುತ್ತಿತ್ತು. "ಸ್ಕೂಲಲ್ಲಿ ಸರಿಯಾಗಿರ್ತಾಳೆ ಅಂದ್ರೆ ನಿಮ್ಮ ಹತ್ರ ನಾಟಕ. ಸಲಿಗೆ ಜಾಸ್ತಿಯಾಗಿದೆ. ಎರಡು ಬಿಡಿ, ನೆಟ್ಟಗಾಗ್ತಾಳೆ," ಎಂದು ಗೊಟ್ಟಿಗೆರೆಯ ನನ್ನ ಅಕ್ಕ ಫೋನಿನಲ್ಲೇ ಚಿಕಿತ್ಸೆ ಕೊಟ್ಟಳು. ಹೆಂಡತಿ ಒಂದು ದಿನ ಎರಡು ಬಿಟ್ಟೂ ನೋಡಿದಳು. ಆ ಸಂಜೆ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆ ಬೇರೆ ಮೂಲೆ ಹಿಡಿದು ಅಳುತ್ತಿದ್ದರು. ನಾನು ಆಫೀಸಿನ ಚೀಲ ಇಳಿಸದೆ ಬಾಗಿಲಲ್ಲೇ ನಿಂತಿದ್ದೆ.

ಅವರೆಕಾಯಿಯ ಕಾಲ ಬಂತು. ಮಿಸ್ ಒಂದು ಭಾನುವಾರ ನೆನೆಸಿದ ಅವರೆಕಾಳಿನ ಬೋಗುಣಿ ತಂದು ನಮ್ಮ ವರಾಂಡದಲ್ಲಿ ಕೂತರು. "ನಮ್ಮ ಮನೇಲಿ ಬಿಸಿಲಿಲ್ಲ" ಎಂದರು, ಬಿಸಿಲಿದ್ದದ್ದು ಅವರ ಮನೆಯಲ್ಲೇ. ಯಾರನ್ನೂ ಕರೆಯದೆ ಕಾಳು ಹಿತುಕತೊಡಗಿದರು. ಒಂದು ಬೇಳೆ ಚಿಮ್ಮಿ ನನ್ನ ಕನ್ನಡಕಕ್ಕೆ ಬಡಿಯಿತು.

"ಛೆ, ಗುರಿ ತಪ್ತು. ಮೂಗಿಗೆ ಹೊಡೀಬೇಕು ಅಂತಿದ್ದೆ," ಎಂದರು.

ಮೇಜಿನ ಕೆಳಗಿದ್ದ ಮಗಳು ಹೊರಬಂದಳು. ಆ ಬೆಳಿಗ್ಗೆ ಬೋಗುಣಿಯ ಅರ್ಧವನ್ನು ಅವಳೇ ಹಿತುಕಿದಳು, ನನ್ನ ಮೂಗಿಗೆ ಗುರಿಯಿಟ್ಟು. "ಜಾಣೆ" ಎನ್ನಲು ನಾನು ಬಾಯಿ ತೆರೆದೆ. ಮಿಸ್ ನನ್ನ ಮೊಣಕಾಲು ಹಿಂಡಿದರು.

ಮಗಳು ಕೈತೊಳೆಯಲು ಒಳಗೆ ಹೋದಾಗ ಹೇಳಿದರು. "ಜಾಣೆ ಅಂದ್ರೆ ನಾಳೆನೂ ಜಾಣೆ ಆಗಿರು ಅಂತ. ಅದೂ ಒಂದು ಅಪ್ಪಣೆನೇ."

"ಇಷ್ಟೊಂದು ಹಠ ಯಾಕೆ ಮಿಸ್ ಇವಳಿಗೆ?"

"ಹಠ ಅಂತ ಯಾಕಂತೀಯ? ಹಠ ಮಾಡೋ ಮಗುಗೆ ಬೇಕಾಗಿದ್ದು ಸಿಕ್ಕರೆ ಸುಮ್ಮನಾಗತ್ತೆ. ಇವಳಿಗೆ ತುಂಬ ಇಷ್ಟವಾಗಿರೋದನ್ನೇ ಮುಂದೆ ಇಟ್ಟು 'ತಗೋ' ಅನ್ನು. ತಗೊಳಕ್ಕಾಗಲ್ಲ. ನೋಡಿದೀಯ ತಾನೆ?"

ನೋಡಿದ್ದೆ. ವಾರವೆಲ್ಲ ಮಸಾಲೆದೋಸೆ ಎಂದು ಜಪಿಸಿದವಳು, "ನಡಿ, ಹೋಗೋಣ" ಎಂದೊಡನೆ ಮಂಚದ ಕಾಲು ತಬ್ಬಿ ಕೂತದ್ದನ್ನು ನೋಡಿದ್ದೆ.

"ಅವಳಿಗೆ ಭಯ ಕಣಪ್ಪ. ಹೇಳಿದ ತಕ್ಷಣ ಒಳಗೆ ಯಾರೋ ಬಾಗಿಲು ಹಾಕ್ಕೊಂಡ ಹಾಗಾಗತ್ತೆ. ಹೇಳಿದೋರು ಶತ್ರುನೇ ಆಗಬೇಕಿಲ್ಲ. ತಾನೇ ತನಗೆ ಹೇಳ್ಕೊಂಡ್ರೂ ಅಷ್ಟೇ."

"ನಿಮಗೆ ಹೇಗೆ ಗೊತ್ತು?"

ಅವರು ಕೊನೆಯ ಕಾಳು ಹಿತುಕಿದರು. "ನನ್ನ ನೋಡೋಕೆ ಗಂಡು ಬಂದಿದ್ರು. ನನಗೂ ಒಪ್ಪಿಗೆ ಇತ್ತು, ಚೆನ್ನಾಗಿದ್ರು. ನಾನು ಆಗ ಹಾಡ್ತಿದ್ದೆ, ಸುಮಾರಾಗೇ ಹಾಡ್ತಿದ್ದೆ. ಅವರಮ್ಮ ಒಂದು ಹಾಡು ಹೇಳಮ್ಮ ಅಂದ್ರು. ಬಾಯಿ ತೆಗೆದೆ, ಏನೂ ಬರಲಿಲ್ಲ. ಎದ್ದು ಹಿತ್ತಲಿಗೆ ಹೋಗಿಬಿಟ್ಟೆ. ಸೊಕ್ಕು ಅಂದ್ಕೊಂಡು ಎದ್ದು ಹೋದ್ರು. ಆಮೇಲೆ ಬಂದೋರೂ ಹಾಡೇ ಕೇಳಿದ್ರು." ಬೋಗುಣಿ ಎತ್ತಿಕೊಂಡು ನಕ್ಕರು. "ಹೆಡ್ಮಿಸ್ ಆದದ್ದೂ ಅದಕ್ಕೇ. ಹೇಳೋರು ಒಬ್ಬರು ಕಮ್ಮಿ ಆಗ್ತಾರಲ್ಲ."

ಬಿಟಿಎಂ ಲೇಔಟಿನ ಮಕ್ಕಳ ಮನಶ್ಶಾಸ್ತ್ರಜ್ಞೆಯೊಬ್ಬರ ಹತ್ತಿರ ನಮ್ಮನ್ನು ಕಳಿಸಿದವರೂ ಅವರೇ. ಆಕೆ ಹಲವು ಸಲ ನೋಡಿ, ಆಟಿಸಂ ಎಂದರು. ಜೊತೆಗೆ, ಯಾರಾದರೂ ಹೇಳಿದೊಡನೆ ಅದನ್ನು ಮಾಡಲಾಗದೆ ಹೋಗುವುದಕ್ಕೆ ಪ್ಯಾಥಲಾಜಿಕಲ್ ಡಿಮಾಂಡ್ ಅವಾಯ್ಡೆನ್ಸ್ ಎಂಬ ಇನ್ನೊಂದು ಹೆಸರನ್ನೂ ಹೇಳಿದರು. ಅದನ್ನು ಬೇರೆಯದೇ ಕಾಯಿಲೆಯೆಂದು ಎಲ್ಲ ವೈದ್ಯರೂ ಒಪ್ಪುವುದಿಲ್ಲವಂತೆ, ಮಾತ್ರೆ ಇಲ್ಲ, ಒತ್ತಾಯ ಕಡಿಮೆ ಮಾಡಿ, ಆಯ್ಕೆ ಕೊಡಿ, ಭಯ ಇಳಿಯಲು ಬಿಡಿ ಎಂದರು. ಮನೆಗೆ ಬಂದು ಆ ಉದ್ದದ ಹೆಸರನ್ನು ಮಿಸ್‌ಗೆ ಒಪ್ಪಿಸಿದೆ.

"ಪರವಾಗಿಲ್ಲ, ನನಗೂ ಒಂದು ಡಿಗ್ರಿ ಬಂತು," ಎಂದರು.

ಇಲ್ಲಿಂದ ಎಲ್ಲ ಸರಿಹೋಯಿತು ಎಂದು ಬರೆಯುವ ಆಸೆ ನನಗೂ ಇದೆ. ಆಗಲಿಲ್ಲ. ಮನೆಯಲ್ಲಿ ಗದ್ದಲ ಇಳಿಯಿತು, ನಿಜ. ನಾನು "ಊಟ ಮಾಡು" ಎನ್ನುವ ಬದಲು "ಈ ತಟ್ಟೆ ಯಾರದೋ ಗೊತ್ತಾಗ್ತಿಲ್ಲ" ಎನ್ನುವುದನ್ನು ಕಲಿತೆ. ಆಫೀಸಿನಲ್ಲಿ ಮ್ಯಾನೇಜರಿಗೂ ಹಾಗೇ ಹೇಳಿ ಉಗಿಸಿಕೊಂಡೆ. ಆದರೆ ಸ್ಕೂಲಿನಲ್ಲಿ ತಡೆಹಿಡಿಯುವ ಅವಳ ಶಕ್ತಿ ಮುಗಿದುಹೋಗಿತ್ತು. ಮೂರನೆಯ ಕ್ಲಾಸಿನ ನಡುವೆ ಒಂದು ದಿನ ವ್ಯಾನು ಹಾರ್ನು ಮಾಡಿ ಹೋಯಿತು, ಅವಳು ಹತ್ತಲಿಲ್ಲ. ಮತ್ತೆ ಹತ್ತಲೇ ಇಲ್ಲ. ಹೆಂಡತಿ ಕೆಲಸ ಬಿಟ್ಟಳು. ಮಗಳು ಹೊರಗೆ ಹೋಗುತ್ತಿದ್ದ ಒಂದೇ ಜಾಗವೆಂದರೆ ಎದುರುಮನೆ. ಅಲ್ಲಿ ಇಬ್ಬರೂ ಏನು ಮಾಡುತ್ತಿದ್ದರೋ, ಏನೂ ಮಾಡದೆ ಇರುತ್ತಿದ್ದರೋ, ನಾವು ಕೇಳುತ್ತಿರಲಿಲ್ಲ. ಕೇಳಿದರೆ ಅದೂ ನಿಲ್ಲುತ್ತದೆಂದು ಭಯ.

ಒಂದು ಸಂಜೆ ಮಾತ್ರ ತಡೆಯಲಾಗದೆ ಮಿಸ್‌ರನ್ನೇ ಕೇಳಿದೆ. "ದೊಡ್ಡವಳಾದ ಮೇಲೆ ಸರಿಹೋಗತ್ತಾ?"

ಸುಳ್ಳು ಹೇಳಬಹುದಿತ್ತು. ಬೇರೆಯವರು ಹೇಳುತ್ತಿದ್ದರು. "ಮುಚ್ಚಿಡೋದು ಕಲೀತಾಳೆ," ಎಂದರು. "ಅದಕ್ಕೆ ತುಂಬ ಸುಸ್ತಾಗತ್ತೆ. ಸುಸ್ತಾದಾಗ ಪಕ್ಕದಲ್ಲಿ ಗೊತ್ತಿರೋರು ಒಬ್ಬರು ಇದ್ದರೆ ಸಾಕು."

ಅವರಿಗೆ ಹೃದಯದ ತೊಂದರೆಯಿದೆ ಎಂದು ತಿಳಿದದ್ದು ಆ ವರ್ಷದ ಬೇಸಿಗೆಯಲ್ಲಿ. ಡಾಕ್ಟರು ದಿನವೂ ಮಾತ್ರೆ ಬರೆದರು, ಆಂಜಿಯೋಗ್ರಾಂ ಆಗಲೇಬೇಕೆಂದರು. ತಿಲಕ್ ನಗರದಲ್ಲಿದ್ದ ಅವರ ತಮ್ಮ ದಿನಕ್ಕೆರಡು ಸಲ ಫೋನು ಮಾಡಿ, "ಅಕ್ಕ, ಮಾತ್ರೆ ತಗೊಂಡ್ಯಾ?" ಎನ್ನುತ್ತಿದ್ದರು. ಡಬ್ಬಿ ತುಂಬಿದಂತೆಯೇ ಇತ್ತು. ನಾನು ಅವರ ವಿದ್ಯೆಯನ್ನೇ ಪ್ರಯೋಗಿಸಿದೆ. ಅವರ ಮೇಜಿನ ಮುಂದೆ ಕೂತು, "ಈ ಡಬ್ಬಿ ಮುಚ್ಚಳ ಹೇಗೆ ತೆಗೀತಾರೋ ಗೊತ್ತೇ ಆಗ್ತಿಲ್ಲ," ಎಂದೆ.

ಮಿಸ್ ನಗುತ್ತ ನಗುತ್ತ ಕೆಮ್ಮಿದರು. "ನನ್ನ ಮಂತ್ರ ನನಗೇ ಹಾಕ್ತೀಯೇನೋ?"

ಆಮೇಲೆ ನಗು ನಿಂತಿತು. "ನನಗೆ ತಗೋಬೇಕು ಅಂತ ಇದೆ ಕಣಪ್ಪ. ಸಾಯೋಕೆ ಇಷ್ಟ ಅಂತ ಅಂದ್ಕೋಬೇಡ. ಬೆಳಿಗ್ಗೆ ಲೋಟದಲ್ಲಿ ನೀರು ಹಿಡ್ಕೊಂಡು ಕೂತಿದ್ದೆ, ಕಾಫಿ ಹೊತ್ತು ಮೀರೋ ತನಕ. ಕೈ ಮೇಲೆ ಬರಲ್ಲ."

ಎದುರಿಗೆ ಕೂತ ಎಪ್ಪತ್ತು ದಾಟಿದ ಹೆಂಗಸಿನಲ್ಲಿ ನನಗೆ ಬೇರೊಬ್ಬಳು ಕಂಡಳು: ನಾನಿಲ್ಲದ ಕಾಲದಲ್ಲಿ, ಯಾವುದೋ ಮನೆಯಲ್ಲಿ, ನೀರಿನ ಲೋಟ ಹಿಡಿದು ಕೂತ ನನ್ನ ಮಗಳು. ಆ ದಿನದಿಂದ ನನಗೆ ಬೇರೆ ಚಿಂತೆಗಳ ಅಗತ್ಯವೇ ಬೀಳಲಿಲ್ಲ.

ಮಳೆಗಾಲ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಅವರು ಹಾಲಿನ ಪ್ಯಾಕೆಟ್ಟು ಒಳಗೆ ತೆಗೆದುಕೊಂಡಿರಲಿಲ್ಲ. ಬಾಗಿಲು ಒಡೆಸಿದವರು ಅವರ ತಮ್ಮ.

ಮಗಳಿಗೆ ಹೇಗೆ ಹೇಳುವುದೆಂದು ನಾವು ಗಂಡಹೆಂಡಿರು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದಾಗ ಅವಳೇ ಬಂದು ನಿಂತಳು. ಕೇಳಿಸಿಕೊಂಡಿದ್ದಳು. ಸ್ನಾನ ಮಾಡಿದಳು, ತಾನಾಗಿ ತಲೆ ಬಾಚಿಕೊಂಡಳು. ತಿಂಗಳುಗಳಿಂದ ಬಾಚಣಿಗೆ ಮುಟ್ಟಿರಲಿಲ್ಲ. ಕುಂಡದ ದಾಸವಾಳ ಕಿತ್ತು ನಮಗಿಂತ ಮೊದಲು ರಸ್ತೆ ದಾಟಿದಳು. ಹೆಂಡತಿ ನನ್ನ ತೋಳು ಹಿಡಿದು, "ರೀ, ಏನೂ ಹೇಳಬೇಡಿ," ಎಂದಳು. ನಾನು ಉಸಿರನ್ನೂ ಅಳೆದಳೆದು ಬಿಡುತ್ತಿದ್ದೆ.

ಹಾಲ್‌ನಲ್ಲಿ ಐಸ್ ಪೆಟ್ಟಿಗೆ ಇತ್ತು. ಮಗಳು ಜನರ ನಡುವೆ ನುಸುಳಿ ಅದರ ಪಕ್ಕಕ್ಕೆ ಹೋದಳು. ಗಾಜಿನೊಳಗೆ ಬಹಳ ಹೊತ್ತು ನೋಡಿದಳು. ಹೂ ಹಿಡಿದ ಕೈ ಮೇಲೆದ್ದಿತು. ಅದು ಎದ್ದದ್ದನ್ನು ನಾನು ನೋಡಿದೆ.

ಅಲ್ಲೇ ನಿಂತಿದ್ದ ಮಿಸ್ ಅವರ ತಮ್ಮ, ಅತ್ತು ಕೆಂಪಾದ ಕಣ್ಣಿನ ಒಳ್ಳೆಯ ಮನುಷ್ಯ, ಅವಳ ತಲೆ ಸವರಿದರು. "ಹಾಕು ಪುಟ್ಟಿ. ಅಜ್ಜಿಗೆ ಹೂ ಹಾಕಿ ನಮಸ್ಕಾರ ಮಾಡು."

ಕೈ ಅಲ್ಲೇ ನಿಂತಿತು. ಯಾರೋ ಹೆಂಗಸು, "ಮಾಡಮ್ಮ, ಎಷ್ಟು ಪ್ರೀತಿ ಮಾಡ್ತಿದ್ರು ನಿನ್ನ," ಎಂದರು. ಇನ್ನೊಬ್ಬರು ಅವಳ ಭುಜ ಹಿಡಿದು ಮೃದುವಾಗಿ ಬಗ್ಗಿಸಲು ನೋಡಿದರು. ಅವಳು ಕಿರುಚಲಿಲ್ಲ, ಕಚ್ಚಲಿಲ್ಲ. ಕೊಸರಿಕೊಂಡು ಹೊರಗೋಡಿ ಗೇಟಿನ ಹತ್ತಿರ ನಿಂತಳು. ಹಿಂದಿನಿಂದ ಒಂದು ದನಿ, ತಗ್ಗಿಸಿಯೇ, "ಎಂಥ ಕಲ್ಲು ಮಗು" ಎಂದಿತು. ಆ ಮಾತಿಗೆ ಉತ್ತರ ಹೇಳಬಲ್ಲವರು ಗಾಜಿನೊಳಗೆ ಮಲಗಿದ್ದರು.

ಶವದ ವ್ಯಾನು ಹೊರಡುವವರೆಗೂ ಅವಳು ಗೇಟು ಬಿಟ್ಟು ಬರಲಿಲ್ಲ. ಜನ ಚದುರಿದ ಮೇಲೆ ನಾನು ಹೋಗಿ, ಮುಟ್ಟದೆ, ಪಕ್ಕದಲ್ಲಿ ನಿಂತೆ.

"ಅಪ್ಪ, ನಾನು ಹಾಕ್ತಿದ್ದೆ," ಎಂದಳು. "ಅವರು ಹೇಳದೆ ಇದ್ದಿದ್ರೆ ಹಾಕ್ತಿದ್ದೆ."

"ಗೊತ್ತು."

"ಈಗ ಎಲ್ಲಿ ಹಾಕ್ಲಿ?"

ನನ್ನ ಬಾಯಿಗೆ ಬಂದ ಉತ್ತರವೆಲ್ಲ ಅಪ್ಪಣೆಯಾಗಿತ್ತು. ಅಲ್ಲಿಡು, ಇಲ್ಲಿಡು, ನೀರಿಗೆ ಬಿಡು. ಅವಳ ಮುಷ್ಟಿಯಲ್ಲಿ ದಾಸವಾಳ ಅಂಟಂಟಾಗಿ, ಬೆರಳ ಸಂದಿಯಿಂದ ಕೆಂಪಗೆ ಇಳಿಯುತ್ತಿತ್ತು.